ತೂಬ ಹಸನ ಮಾಡಿದ

ಹೋದ ತಿಂಗಳು ಸೊಕ್ಕೆಯ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಬೀದಿಯಲ್ಲಿ ಕಾಲಾಡಿಸುತ್ತಿರುವಾಗ ಕಂಬಳಿ ನೇಯುವವರ ಅಂಗಳದಿಂದ ಹುಣಸೆಬೀಜದ ಗಂಜಿ ಕುದಿಯುವ ವಾಸನೆ ಬಂತು. ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ, ಒಂದಿಷ್ಟು ಸೀದಂತಿರುವ ವಾಸನೆ. ಜೊತೆಗಿದ್ದವರು ಮಾತಾಡುತ್ತಾ ಮುಂದೆ ಹೋದರು. ನಾನು ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟೆ. "ಯಾಕ್ರೀ ಮೇಷ್ಟ್ರೇ, ಊಟ ಹೆಚ್ಚಾತೇನು?" ಎಂದು ಒಬ್ಬರು ತಿರುಗಿ ಕೇಳಿದರು. ಹೌದು ಎಂದೆ. ಮೂವತ್ತು ವರ್ಷದ ಹಿಂದಿನ ಹೆದರಿಕೆಯೊಂದು ಈಗ ಬಂದು ಕಾಲು ಹಿಡಿದಿದೆ ಎಂದು ಮದುವೆಮನೆಯಲ್ಲಿ ಹೇಳುವುದು ಹೇಗೆ?

ಆಗ ಎರಡನೆಯ ಮಹಾಯುದ್ಧದ ಕಾಲ. ನಾನು ಚನ್ನಗಿರಿಯ ಒಂದು ಶಾಲೆಯಲ್ಲಿ ಮೇಷ್ಟ್ರು. ಮೈಸೂರು ಕಡೆಯವನು, ಹುಟ್ಟಾ ಪುಕ್ಕಲ. ಮನೆಯ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ಹಿಂದಿರುಗಿ ನೋಡುವ ಜಾತಿಯವನು. ಅಂಥವನು ಪಾಳೆಯಗಾರರ ಕಾಲದ ಕೆರೆಗಳ ಬಗ್ಗೆ ಒಂದು ಪ್ರಬಂಧ ಬರೆಯುತ್ತೇನೆಂದು ಮೈಸೂರಿನ ಗುರುಗಳ ಹತ್ತಿರ ಒಪ್ಪಿಕೊಂಡಿದ್ದೆ. ಮೊದಲ ಸಲ ಬರೆದು ಕಳಿಸಿದ ಐವತ್ತು ಪುಟಗಳನ್ನು ಅವರು ಹಾಗೇ ವಾಪಸು ಕಳಿಸಿದ್ದರು. ಮೇಲುಗಡೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: "ಇದೆಲ್ಲ ಬೇರೆಯವರು ಹೇಳಿದ್ದು. ಮೂಲ ಎಲ್ಲಿ?" ದಸರೆಯ ಹೊತ್ತಿಗೆ ಮೂಲ ಸಮೇತ ಪ್ರಬಂಧ ಕೊಡದಿದ್ದರೆ ನನ್ನ ಹೆಸರು ತೆಗೆದುಹಾಕುವುದಾಗಿಯೂ ಬರೆದಿದ್ದರು. ಆವತ್ತಿನಿಂದ ಮೂಲ ಎಂಬ ಎರಡಕ್ಷರ ಕೇಳಿದರೆ ನನಗೆ ಬೆವರು ಬರುತ್ತಿತ್ತು.

ಮೂಲವೇನು ಅಂಗಡಿಯಲ್ಲಿ ಸಿಗುತ್ತದೆಯೆ? ಶಾಲೆಗೆ ಒಂದು ತಿಂಗಳು ರಜೆ ಹಾಕಿ ಊರೂರು ಅಲೆದೆ. "ಹಳೇ ದಫ್ತರ ಏನಾದರೂ ಇದೆಯೆ?" ಎಂದರೆ ಸಾಕು, ಕದ ಹಾಕಿಕೊಳ್ಳುತ್ತಿದ್ದರು. ಸರ್ಕಾರದವರು ಲೆವಿ ಕಾಳು ಎತ್ತಲು ಮನೆ ಮನೆ ಹೊಕ್ಕು ನೋಡುತ್ತಿದ್ದ ದಿನಗಳು. ಕೋಟು ಹಾಕಿಕೊಂಡು ಕಾಗದ ಹಿಡಿದು ಬಂದವನು ಯಾರೇ ಆಗಲಿ, ಕಾಳು ಬಚ್ಚಿಟ್ಟ ಹಗೇವು ಹುಡುಕಲು ಬಂದವನೇ.

ಕೈಹಿಡಿದವನು ಇಮಾಮ್ ಸಾಬ್. ಕೆರೆಬಿಳಚಿಯವನು, ಐವತ್ತರ ಸುಮಾರಿನ ಗಟ್ಟಿ ಆಳು. ಸೂಳೆಕೆರೆಯ ಆಸುಪಾಸಿನ ಸಣ್ಣ ಕೆರೆಯೊಂದರಲ್ಲಿ ತೂಬು ಎತ್ತುವುದು ಅವನ ಮನೆತನದ ಕಸುಬು. ಕೆರೆ ತುಂಬಿದಾಗ ನೀರಿನ ತಳಕ್ಕೆ ಮುಳುಗಿ, ತೂಬಿನ ಬಾಯಿಗೆ ಸಿಕ್ಕ ಕೆಸರು ಕಸ ಬಿಡಿಸಿ, ಮರದ ಗೂಟ ಸಡಿಲಿಸಿ ಕಾಲುವೆಗೆ ನೀರು ಬಿಟ್ಟು ಮೇಲೆ ಬರಬೇಕು. ಆ ದಿನ ಊರಿನವರು ಕೆರೆಗೆ ಪೂಜೆ ಮಾಡಿ, ಮೊದಲ ವೀಳ್ಯ ಅವನ ಕೈಗೆ ಕೊಡುವ ರೂಢಿ. ಈಚೆಗೆ ಮೇಲಿನ ಓಣಿಯ ತಿಮ್ಮಣ್ಣ ತಕರಾರು ತೆಗೆದಿದ್ದ. ತೂಬು ಉಳಿಸಿದವರು ತನ್ನ ಹಿರಿಯರು, ಆ ವೀಳ್ಯ ತನ್ನ ಮನೆಗೆ ಸೇರಬೇಕು ಎಂದು. ಈ ಸಲ ಕೆರೆ ತುಂಬಿದ ದಿನ ಊರಗೌಡರು ತೀರ್ಮಾನ ಹೇಳುವುದಿತ್ತು.

"ನಮ್ಮಜ್ಜನ ಅಜ್ಜ ಹಸನ್ ಅಂತ ಇದ್ದ ರೀ," ಎಂದ ಇಮಾಮ್ ಸಾಬ್. "ಕೆರೆ ಒಡೆದಾಗ ನೀರಾಗಿಳಿದು ತೂಬು ಮಾಡ್ದಾತ ಅವ್ನೇ. ನಮ್ಮನ್ಯಾಗೆ ಎಲ್ರಿಗೂ ಗೊತ್ತೈತೆ. ಆದ್ರೆ ಗೊತ್ತಿದ್ರೆ ಆಗಂಗಿಲ್ಲಲ್ಲ, ಬರೆದದ್ದು ತೋರ್ಸು ಅಂತಾರೆ. ಅಯ್ಯನೋರ ಮನ್ಯಾಗೆ ಒಂದು ಕಡತ ಐತೆ. ಕೆರೆ ಕಥೆ ಎಲ್ಲಾ ಅದ್ರಾಗೈತಂತೆ. ಬರ್ರಿ ಮೇಷ್ಟ್ರೇ, ನಿಮಗೂ ಆತು ನಮಗೂ ಆತು."

ಅಯ್ಯನವರು ಎಂದರೆ ಆ ಊರಿನ ಕೂಲಿಮಠದ ಗುರುಗಳು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಹುಡುಗರಿಗೆ ಮಗ್ಗಿ, ಅಮರಕೋಶ ಎಲ್ಲ ಬಾಯಲ್ಲೇ ಹೇಳಿಸುತ್ತಿದ್ದರು. ಹೆಂಡತಿ ನೀಲಮ್ಮನವರು ಮನೆಯ ಸಮಸ್ತವನ್ನೂ ನೋಡಿಕೊಳ್ಳುತ್ತಿದ್ದರು, ಓದು ಬರಹ ಒಂದು ಬಿಟ್ಟು. ಕಡತವನ್ನು ಅಟ್ಟದಿಂದ ಇಳಿಸಿಕೊಟ್ಟವರೂ ಅವರೇ. ಬಟ್ಟೆಗೆ ಇದ್ದಿಲು ಮಸಿ ಮತ್ತು ಹುಣಸೆಬೀಜದ ಗಂಜಿ ಬಳಿದು, ಹಲಗೆಯಂತೆ ಗಟ್ಟಿ ಮಾಡಿ, ಒಂದರ ಮೇಲೊಂದು ಮಡಿಸಿದ ಪುಸ್ತಕ. ಕಪ್ಪು ಮೈ ಮೇಲೆ ಬಳಪದಲ್ಲಿ ಬರೆದ ಬಿಳಿ ಅಕ್ಷರ. ಮೊದಲ ಮಡಿಕೆಯನ್ನು ಉಗುರ ತುದಿಯಲ್ಲಿ ಹಿಡಿದು ಬಿಡಿಸಿದೆ. ಭಕ್ತಿಯಿಂದ ಎಂದು ಈಗ ಬರೆಯಬಹುದು. ನಿಜವೆಂದರೆ, ಬೆರಳು ತಾಗಿ ಎಲ್ಲಿ ಒಂದಕ್ಷರ ಅಳಿಸಿಹೋಗುವುದೋ ಎಂಬ ದಿಗಿಲಿನಿಂದ.

"ಕಡತ ಹೊಸ್ತಿಲು ದಾಟಂಗಿಲ್ಲ," ಎಂದರು ಅಯ್ಯನವರು. "ಇಲ್ಲೇ ಕುಂತು ಬರಕೊಳ್ರಿ."

ಬರೆದುಕೊಳ್ಳಲು ಕಾಗದವೆಲ್ಲಿ? ಯುದ್ಧದಿಂದಾಗಿ ಕಾಗದ ಕಣ್ಣಿಗೆ ಕಾಣುತ್ತಿರಲಿಲ್ಲ. ಹುಡುಗರ ಹಳೆಯ ಪರೀಕ್ಷೆ ಉತ್ತರಗಳ ಬೆನ್ನಿಗೆ ಬರೆಯತೊಡಗಿದೆ. ಎರಡು ದಿನದಲ್ಲಿ ಒಂಬತ್ತು ಮಡಿಕೆ ಮುಗಿಯಿತು. ಕೆರೆ ಕಟ್ಟಿದ್ದು, ಕಾಡು ಕಡಿದದ್ದು, ಏರಿ ಹಾಕಿದ್ದು, ಮಳೆ ಹೊಡೆದು ಏರಿ ಬಿರಿದದ್ದು. ಒಂಬತ್ತನೆಯ ಮಡಿಕೆಯ ಕೊನೆಗೆ ಈ ಸಾಲು ಇತ್ತು: "ಏರಿ ಬಿರಿಯಲು ನೀರೊಳಗೆ ಇಳಿದು ತೂಬ ಹಸನ ಮಾಡಿದ". ಅಲ್ಲಿಗೆ ಮಡಿಕೆ ಮುಗಿದಿತ್ತು.

ಗಟ್ಟಿಯಾಗಿ ಓದಿದೆ. ಬಾಗಿಲಲ್ಲಿ ಕುಳಿತಿದ್ದ ಇಮಾಮ್ ಸಾಬ್ ಎದ್ದೇ ನಿಂತ. "ಇನ್ನೊಂದ್ಸಲ ಓದ್ರಿ. ಹಸನ ಮಾಡಿದ! ಕೇಳಿದ್ರೇನ್ರೀ ಅಯ್ಯನೋರೇ?" ಎಂದು ಮಗುವಿನ ಹಾಗೆ ನಕ್ಕ. ನನಗೂ ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ನೀಲಮ್ಮನವರು ಸೊಸೆಗೆ ಕೂಗಿ ಹೇಳಿದ್ದು ಕೇಳಿಸಿತು. "ಅಕ್ಕಿ ಹಸನ ಮಾಡಾಕೆ ಕುಂತೀನಿ, ನೀನೇ ಒಲೆ ಹಚ್ಚವ್ವಾ."

"ಹಸನ ಮಾಡೋದು ಅಂದ್ರೇನು?" ಎಂದು ಕೇಳಿದೆ.

"ಅಷ್ಟೂ ಗೊತ್ತಿಲ್ವೇನ್ರೀ?" ಎಂದು ಅಯ್ಯನವರು ನಕ್ಕರು. "ಕಲ್ಲು ಕಸ ತೆಗೆದು ಚೊಕ್ಕ ಮಾಡೋದು. ಹೊಲ ಹಸನ ಮಾಡ್ತಾರೆ, ಕಾಳು ಹಸನ ಮಾಡ್ತಾರೆ."

ನನ್ನ ಕುಣಿತ ಅಲ್ಲಿಗೇ ನಿಂತಿತು. ಹಾಗಾದರೆ ಈ ಸಾಲಿಗೆ ಎರಡು ಅರ್ಥ. ಹಸನ ಎಂಬ ಮನುಷ್ಯ ತೂಬನ್ನು ಮಾಡಿದ ಎಂದೂ ಆಗಬಹುದು. ಯಾರೋ ತೂಬನ್ನು ಹಸನ ಮಾಡಿದ, ಅಂದರೆ ಚೊಕ್ಕ ಮಾಡಿದ ಎಂದೂ ಆಗಬಹುದು. ಆ ಯಾರೋ ಯಾರು? ಹೆಸರು ಮುಂದಿನ ಮಡಿಕೆಯಲ್ಲಿರಬೇಕು. ಅಲ್ಲಿ ತಿಮ್ಮಣ್ಣನ ಹಿರಿಯನ ಹೆಸರಿದ್ದರೆ? ಇಮಾಮ್ ಸಾಬನಿಗೆ ಇದನ್ನು ಹೇಳಿದೆ. ಅವನ ನಗು ಅರ್ಧಕ್ಕೆ ನಿಂತಿತು. "ಹಂಗಾರೆ ಮುಂದಿಂದು ಬಿಡಿಸ್ರಿ," ಎಂದ.

ಉಳಿದ ಮೂರು ಮಡಿಕೆ ಬಿಡಲೊಲ್ಲವು. ತೇವಕ್ಕೆ ಅಂಟಿಕೊಂಡಿದ್ದವು. ಎಳೆದರೆ ಮಸಿ ಕಿತ್ತು ಬರುತ್ತಿತ್ತು. ಒಳ್ಳೆಯ ಬಿಸಿಲು ಬಿದ್ದರೆ ತಾವೇ ಬಿಡುತ್ತವೆ ಎಂದುಕೊಂಡೆ. ಆಷಾಢದ ಮೋಡದಲ್ಲಿ ಬಿಸಿಲು ಎಲ್ಲಿಂದ ತರುವುದು? ಮಾರನೆಯ ದಿನ ಗುರುಗಳ ಕಾಗದ ಬಂತು. ಜಗಳೂರು ಸೀಮೆಯ ಸೊಕ್ಕೆಯ ಒಂದು ಮನೆಯಲ್ಲಿ ತಾಮ್ರಪಟವಿದೆಯಂತೆ, ನ್ಯಾಮತಿಯ ಒಂದು ಅಂಗಡಿಯವರಲ್ಲಿ ಹಳೆಯ ಪತ್ರಗಳಿವೆಯಂತೆ, ತಡಮಾಡದೆ ನೋಡಿ ವರದಿ ಕಳಿಸಿ ಎಂದು. ಎಂಟು ದಿನದಲ್ಲಿ ಬಂದುಬಿಡುತ್ತೇನೆ, ಅಷ್ಟರೊಳಗೆ ಬಿಸಿಲೂ ಬರುತ್ತದೆ ಎಂದು ಲೆಕ್ಕ ಹಾಕಿ ಹೊರಟೆ.

ಹೊರಡುವಾಗ ಆ ಮಾತು ಆಡಿದೆ. ಅದನ್ನು ಬರೆಯಲು ಈಗಲೂ ಕೈ ಹಿಂದೆ ಸರಿಯುತ್ತದೆ. ಊರಿನವರ ಮಾತು ಕಲಿತಿದ್ದೇನೆಂಬ ಸಣ್ಣ ಜಂಬ. ಹಿಂದಿನ ದಿನವಷ್ಟೇ ಕಲಿತ ಪದ ಬಾಯಲ್ಲಿ ಬಿಸಿಬಿಸಿಯಾಗಿತ್ತು. ಕಡತದ ಮೇಲಿನ ಧೂಳು, ಜೇಡರ ಬಲೆ ತೋರಿಸಿ ನೀಲಮ್ಮನವರಿಗೆ ಹೇಳಿದೆ: "ಅಮ್ಮಾ, ನಾನು ಬರೋದರೊಳಗೆ ಈ ಕಡತಾನ ಸ್ವಲ್ಪ ಹಸನ ಮಾಡಿ ಇಟ್ಟಿರಿ."

"ಅದಕ್ಕೇನ್ರೀ, ಮಾಡಿ ಇಡ್ತೀನಿ," ಎಂದರು ಅವರು. ನಮ್ಮ ಮಾತು ಹೇಗೆ ಕಲಿತುಬಿಟ್ಟಿರಿ ಎಂಬಂತೆ ಮೆಚ್ಚಿ ನೋಡಿದರು ಕೂಡ.

ಸೊಕ್ಕೆಯಲ್ಲಿ ಮಳೆಯ ಸುಳಿವೇ ಇರಲಿಲ್ಲ. ಕಣ್ಣು ಬಿಡಲಾಗದ ಗಾಳಿ, ಕೆಂಪು ಧೂಳು. ತಾಮ್ರಪಟದ ಮನೆಯವರು ನನ್ನನ್ನು ಲೆವಿಯವನೆಂದೇ ತಿಳಿದು ನಾಲ್ಕು ದಿನ ಜಗಲಿಯಲ್ಲಿ ಕೂರಿಸಿದರು. ಐದನೆಯ ದಿನ, ಇವನಿಂದ ಅಪಾಯವಿಲ್ಲ, ಇವನೇ ಅಪಾಯಕ್ಕೆ ಸಿಕ್ಕವನಂತಿದ್ದಾನೆ ಎಂದು ಕನಿಕರಪಟ್ಟು, ದೇವರ ಗೂಡಿನಿಂದ ಪಟ ತಂದು ಕೊಟ್ಟರು. ಮಕ್ಕಳಿಗೆ ದೃಷ್ಟಿಯಾಗದಿರಲೆಂದು ಯಾರೋ ಮಂತ್ರಗಾರ ಗೀಚಿಕೊಟ್ಟ ಯಂತ್ರ ಅದು. ತಾಮ್ರದ್ದು ಹೌದು, ಅಷ್ಟೆ. ಅಲ್ಲಿ ಬಿಸಿಲು ಮಾತ್ರ ಸುರಿಯುತ್ತಿತ್ತು. ಇದರಲ್ಲಿ ಒಂದು ಗಳಿಗೆಯ ಬಿಸಿಲು ಅಯ್ಯನವರ ಅಂಗಳಕ್ಕೆ ಬಿದ್ದಿದ್ದರೆ ಎಂದು ದಿನವೂ ಅಂದುಕೊಳ್ಳುತ್ತಿದ್ದೆ.

ನ್ಯಾಮತಿ ತಲುಪುವಾಗಲೇ ಹನ್ನೆರಡು ದಿನ ಕಳೆದಿತ್ತು. ಅಂಗಡಿಯ ಯಜಮಾನರು ಊರಲ್ಲಿರಲಿಲ್ಲ. ಹಿತ್ತಲಲ್ಲಿ ಮುದಿ ಗುಮಾಸ್ತರೊಬ್ಬರು ಚಿಪ್ಪಿನಲ್ಲಿ ಕಪ್ಪಗೆ ಏನೋ ಕಲಸಿಕೊಂಡು ಕೂತಿದ್ದರು. ಪಕ್ಕದ ಒಲೆಯ ಮೇಲೆ ಹುಣಸೆಬೀಜದ ಗಂಜಿ ಕುದಿಯುತ್ತಿತ್ತು. ಆ ವಾಸನೆ ನನ್ನ ಮೂಗಿಗೆ ಮೊದಲ ಸಲ ಬಡಿದದ್ದು ಅಲ್ಲಿಯೇ.

"ಏನು ಮಾಡ್ತಿದ್ದೀರಿ?" ಎಂದೆ.

"ಕಾಣಂಗಿಲ್ವೇನ್ರೀ? ಕಾಗದ ಎಲ್ಲೂ ಸಿಗವಲ್ದು. ಅದಕ್ಕೇ ಹಳೇ ಕಡತ ಹಸನ ಮಾಡಾಕೆ ಹತ್ತೀನಿ."

"ಹಸನ ಅಂದ್ರೆ... ಧೂಳು ಒರೆಸೋದು ತಾನೆ?"

ಅವರು ತಲೆಯೆತ್ತಿ ನನ್ನ ಕೋಟನ್ನೂ ಮುಖವನ್ನೂ ನೋಡಿದರು. "ಧೂಳು ಒರೆಸಾಕೆ ಗಂಜಿ ಯಾಕೆ ಬೇಕ್ರೀ? ಮೊದ್ಲಿಂದೆಲ್ಲಾ ತೊಳೆದು, ಮಸಿ ಬಳಿದು, ಒಣಗಿಸಿ, ಮತ್ತೆ ಬರೆಯಾಕೆ ಬರಂಗೆ ಮಾಡೋದು. ಕಡತ ಹಸನ ಮಾಡೋದು ಅಂದ್ರೆ ಅದೇ ಅಲ್ರೀ?"

ಚೀಲ ಹೆಗಲಿಗೇರಿಸಿ ಹೊನ್ನಾಳಿಯ ದಾರಿ ಹಿಡಿದೆ. ಬಸ್ಸಿಗೂ ಕಾಯಲಿಲ್ಲ. ಅರ್ಧ ದಾರಿಯಲ್ಲಿ ಯಾರದೋ ಗಾಡಿ ಸಿಕ್ಕಿತು. ಗಾಡಿಯವನು "ಮನ್ಯಾಗೆ ಯಾರಿಗಾದ್ರೂ ಹುಷಾರಿಲ್ವೇನ್ರೀ?" ಎಂದು ಕೇಳಿದ. ನನ್ನ ಮುಖ ಹಾಗಿದ್ದಿರಬೇಕು.

ಹೊನ್ನಾಳಿಯಲ್ಲಿ ಹೊಳೆ ದಡ ಮುಟ್ಟಿ ಹರಿಯುತ್ತಿತ್ತು. ಆಚೆಗೆ ಹೋಗುವುದು ಎರಡು ದಿನ ನಿಂತಿತು. ದಡದಲ್ಲಿ ಛತ್ರಿ ಹಿಡಿದು ನಿಂತು ನೀರು ನೋಡಿದೆ. ಕೆಂಪು ನೀರು, ಬುಡಸಮೇತ ಕಿತ್ತ ಮರಗಳು. ಮಳೆಯಲ್ಲಿ ಬಳಿದ ಮಸಿ ಒಣಗುವುದಿಲ್ಲ, ಆದ್ದರಿಂದ ನೀಲಮ್ಮನವರು ಇನ್ನೂ ಕೈಹಚ್ಚಿರಲಾರರು ಎಂದು ಒಂದು ಸಲ ಧೈರ್ಯ ತಂದುಕೊಳ್ಳುವೆ. ಮರುಗಳಿಗೆ ಮೋಡ ಸರಿದು ಬಿಸಿಲು ಇಣುಕಿದರೆ ಎದೆ ಧಸಕ್ಕೆನ್ನುವುದು. ಇಷ್ಟು ದಿನ ಬಿಸಿಲಿಗಾಗಿ ಹಂಬಲಿಸಿದವನು ಈಗ ಬಿಸಿಲು ಬೇಡ, ಬೇಡ ಎಂದು ಆಕಾಶಕ್ಕೆ ಕೈಮುಗಿಯುತ್ತಿದ್ದೆ. ಎರಡು ದಿನ ಊಟ ಸೇರಲಿಲ್ಲ.

ಆಚೆ ದಡದಿಂದ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ತಳ್ಳುವಾಗ ಎಲ್ಲರಿಗಿಂತ ಮುಂದೆ ನಾನೇ. ಕೊನೆಯ ಎರಡು ಹರದಾರಿ ಕೆಸರಿನಲ್ಲಿ ನಡೆದು ಅಯ್ಯನವರ ಅಂಗಳಕ್ಕೆ ಬಂದಾಗ ಮಟಮಟ ಮಧ್ಯಾಹ್ನ, ಚೆನ್ನಾಗಿ ಬಿಸಿಲು ಬಿದ್ದಿತ್ತು. ಕಟ್ಟೆಯ ಮೇಲೆ ಕಡತ ಉದ್ದಕ್ಕೆ ಬಿಚ್ಚಿಕೊಂಡು ಮಲಗಿತ್ತು. ಹನ್ನೆರಡು ಮಡಿಕೆ, ಎಲ್ಲವೂ ಕಪ್ಪು. ಎಲ್ಲೂ ಒಂದು ಬಿಳಿ ಚುಕ್ಕೆಯಿಲ್ಲ.

"ಬರ್ರಿ ಬರ್ರಿ, ಮೇಷ್ಟ್ರು ಬಂದ್ರು," ಎಂದು ನೀಲಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ನೀವು ಹೇಳಿದಂಗೆ ಹಸನ ಮಾಡೀನಿ ನೋಡ್ರಿ. ಎರಡು ಕೈ ಮಸಿ ಹಾಕೀನಿ. ಮುಖ ಕಾಣಂಗೆ ಆಗೈತೆ. ನೀವು ಬರಕೊಂಡಾತಲ್ಲ, ಇನ್ನು ಹುಡುಗ್ರು ಬರೆಯಾಕಾತು ಅಂದ್ರು ಇವ್ರು."

"ಅಂಟಿಕೊಂಡ ಮಡಿಕೆ ಹೇಗೆ ಬಿಡಿಸಿದಿರಮ್ಮ?" ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

"ಅದೇನು ದೊಡ್ಡ ಮಾತು? ನೀರು ಚಿಮುಕಿಸಿದ್ರೆ ತಾನೇ ಬಿಡ್ತೈತೆ. ಒಳಗೆ ಅಕ್ಷರ ಎಷ್ಟು ಚೆಂದಾಗಿದ್ವು ಅಂತೀರಿ, ಮಲ್ಲಿಗೆ ಮೊಗ್ಗು ಜೋಡಿಸಿದಂಗೆ. ಒರೆಸಾಕೆ ಮನಸೇ ಬರ್ಲಿಲ್ಲ. ಆದ್ರೂ ನೀವು ಹೇಳಿ ಹೋಗಿದ್ರಲ್ಲ."

ಚೆನ್ನಾಗಿ ಆಗಿದೆ ಎಂದೆ. ಅವರು ಕೊಟ್ಟ ಮಜ್ಜಿಗೆ ಕುಡಿದೆ. ಹಿತ್ತಲಿಗೆ ಹೋಗಿ ಹುಣಸೆಮರ ಹಿಡಿದುಕೊಂಡು ಅತ್ತೆ. ಇಷ್ಟು ತಲೆಮಾರು ಮಳೆ, ಗೆದ್ದಲು, ಬೆಂಕಿ ತಪ್ಪಿಸಿಕೊಂಡು ಬಂದ ಅಕ್ಷರವನ್ನು ಅಳಿಸಲು ಮೂಲ ಹುಡುಕುವವನೇ ಬೇಕಾಯಿತು.

ಮಾರನೆಯ ದಿನವೇ ಕೆರೆ ಕೋಡಿ ಬಿತ್ತು. ಏರಿಯ ಮೇಲೆ ಊರು ನೆರೆಯಿತು. ಗೌಡರು ನನ್ನನ್ನು ಕರೆದು ಎಲ್ಲರ ಮುಂದೆ ಕೂರಿಸಿದರು. ಒಂದು ಕಡೆ ಇಮಾಮ್ ಸಾಬ್, ಇನ್ನೊಂದು ಕಡೆ ತಿಮ್ಮಣ್ಣ. ತಿಮ್ಮಣ್ಣ ನಾನು ಊಹಿಸಿದಂತೆ ಜಗಳಗಂಟನಾಗಿರಲಿಲ್ಲ. ಮೆತ್ತನೆಯ ಮನುಷ್ಯ, ಎರಡೂ ಕೈ ಕಟ್ಟಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದ. ಅದು ನನ್ನನ್ನು ಇನ್ನಷ್ಟು ಹಿಂಡಿತು.

"ಕಡತ ಇನ್ನಿಲ್ಲ," ಎಂದೆ. "ತಪ್ಪು ನನ್ನದು. ಇಲ್ಲಿನ ಮಾತು ಅರೆಬರೆ ಕಲಿತು ಆಡಿದೆ, ಅಮ್ಮನವರು ಅದನ್ನೇ ನಡೆಸಿದರು. ನಾನು ಬರೆದುಕೊಂಡಷ್ಟು ಉಳಿದಿದೆ."

"ಬರಕೊಂಡಷ್ಟೇ ಓದ್ರಿ," ಎಂದರು ಗೌಡರು. "ನೀವು ಸುಳ್ಳು ಬರೆಯೋರಲ್ಲ."

ಉತ್ತರಪತ್ರಿಕೆಯ ಬೆನ್ನು ತಿರುಗಿಸಿದೆ. ಆ ಸಾಲಿಗೆ ಬಂದಾಗ ಇಮಾಮ್ ಸಾಬನ ಮುಖ ಕಣ್ಣಿಗೆ ಬಿತ್ತು. ಅವನ ಮನೆತನದ ಮಾತು ನಿಜವೋ ಸುಳ್ಳೋ ತಿಳಿಯುವ ದಾರಿಯನ್ನು ಮುಚ್ಚಿದವನು ನಾನು. ಓದಿದೆ: "ಏರಿ ಬಿರಿಯಲು ನೀರೊಳಗೆ ಇಳಿದು ತೂಬ..." ಅಲ್ಲಿ ಒಂದು ಗಳಿಗೆ ಉಸಿರು ಹಿಡಿದು ನಿಂತೆ. "...ಹಸನ ಮಾಡಿದ."

ಅಷ್ಟೇ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಒಂದೇ ಉಸಿರಿಗೆ ಓದಿದ್ದರೆ ತೂಬನ್ನು ಯಾರೋ ಚೊಕ್ಕ ಮಾಡಿದ್ದು. ನಿಂತು ಓದಿದ್ದಕ್ಕೆ ಹಸನನೆಂಬುವನು ಮಾಡಿದ್ದು.

"ಹಸನ ಮಾಡಿದ ಅಂತ ಬರೆದೇ ಐತಲ್ಲ. ಇನ್ನೇನು?" ಎಂದರು ಗೌಡರು. ಎರಡೆಲೆ, ಅಡಕೆ ಇಮಾಮ್ ಸಾಬನ ಕೈಗೆ ಹೋಯಿತು. ನಾನು ತಿಮ್ಮಣ್ಣನ ಕಡೆ ನೋಡಲಿಲ್ಲ. ಇಮಾಮ್ ಸಾಬ್ ವೀಳ್ಯವನ್ನು ಕಣ್ಣಿಗೊತ್ತಿಕೊಂಡ, ಒಂದು ಎಲೆ ತೆಗೆದು ತಿಮ್ಮಣ್ಣನ ಕೈಗಿಟ್ಟ. "ಹಿಡಿ ಅಣ್ಣಾ. ನೀರು ಇಬ್ಬರ ಹೊಲಕ್ಕೂ ಹೋಗ್ತೈತೆ," ಎಂದು ಅಂಗಿ ಕಳಚಿ ನೀರಿಗಿಳಿದ. ಮುಳುಗಿದವನು ಎಷ್ಟು ಹೊತ್ತಾದರೂ ಏಳಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸುತ್ತ, ಎಣಿಕೆ ತಪ್ಪುತ್ತ ನಿಂತಿದ್ದೆ. ಆಮೇಲೆ ಏರಿಯ ಆಚೆ ಕಾಲುವೆಯಲ್ಲಿ ನೀರು ನುಗ್ಗಿದ ಸದ್ದಾಯಿತು, ಜನ ಕೂಗಿದರು, ಅವನ ತಲೆ ಮೇಲೆ ಬಂತು.

ಸಂಜೆ ಇಮಾಮ್ ಸಾಬ್ ಬಸ್ಸಿನ ದಾರಿಯವರೆಗೆ ನನ್ನ ಚೀಲ ಹೊತ್ತುಕೊಂಡು ಬಂದ. ತಿಮ್ಮಣ್ಣನಿಗೆ ಯಾಕೆ ಎಲೆ ಕೊಟ್ಟೆ ಎಂದು ಕೇಳಿದೆ.

"ಮೇಷ್ಟ್ರೇ," ಎಂದ. "ಉಸಿರು ಹಿಡಿಯೋದು ನಮ್ಮ ಕಸುಬು ರೀ. ನೀವು ಹಿಡಿದಿದ್ದು ನಂಗೆ ತಿಳಿಯಂಗಿಲ್ವಾ?"

ಚೀಲ ಇಸಿದುಕೊಳ್ಳಲು ಕೈ ಚಾಚಿದೆ, ಅವನು ಕೊಡಲಿಲ್ಲ.

"ಬೇಜಾರಾಗಬ್ಯಾಡ್ರಿ. ನಮ್ಮ ಸಲುವಾಗಿ ಹಿಡಿದ್ರಿ, ಅದು ಗೊತ್ತೈತೆ. ಆದ್ರೆ ಮೈಸೂರಿಗೆ ಕಳಿಸೋ ಕಾಗದ್ದಾಗೆ ಮಾತ್ರ ಹಿಡೀಬ್ಯಾಡ್ರಿ. ಹಸನ್ ಇದ್ದಿದ್ರೆ ಇದ್ದ, ಇಲ್ಲದಿದ್ರೆ ಇಲ್ಲ. ನಾ ಅಂತೂ ಇದ್ದೀನಲ್ಲ."

ಪ್ರಬಂಧದಲ್ಲಿ ಆ ಸಾಲನ್ನು ಇದ್ದಂತೆಯೇ ಬರೆದೆ. ಕಡತ ಅಳಿಸಿದ ಸಂಗತಿಯನ್ನೂ, ಅಳಿಸಿದ್ದು ನನ್ನ ಮಾತಿನಿಂದ ಎಂಬುದನ್ನೂ ಕೆಳಗೆ ಬರೆದೆ. ಗುರುಗಳು ಕೆಂಪು ಶಾಯಿ ಮುಟ್ಟಿಸಲಿಲ್ಲ. ಪ್ರಬಂಧ ಒಪ್ಪಿದರು. ಏರಿಯ ಮೇಲೆ ನಡೆದದ್ದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ, ಈವರೆಗೆ.

ಈಗಲೂ ಆಗೊಮ್ಮೆ ಈಗೊಮ್ಮೆ ಓದುವ ಹುಡುಗರು ಮನೆಗೆ ಬರುತ್ತಾರೆ. ಆ ಉತ್ತರಪತ್ರಿಕೆಗಳನ್ನು ಪೆಟ್ಟಿಗೆಯಿಂದ ತೆಗೆದು ತೋರಿಸುತ್ತೇನೆ. ಕಡತಕ್ಕೆ ಈಗ ಅವೇ ಮೂಲ. "ನೀವೇ ಒಂದು ಸಲ ಓದಿ ಸಾರ್, ಬರೆದುಕೊಳ್ಳುತ್ತೇವೆ," ಎನ್ನುತ್ತಾರೆ. ಕನ್ನಡಕ ಏರಿಸಿ, ಒಂದೇ ಉಸಿರಿಗೆ ಓದಬೇಕೆಂದು ಶುರುಮಾಡುತ್ತೇನೆ. ಏರಿ ಬಿರಿಯಲು ನೀರೊಳಗೆ ಇಳಿದು ತೂಬ ಎನ್ನುವವರೆಗೆ ಸರಿಯಾಗಿಯೇ ಬರುತ್ತದೆ. ಅಲ್ಲಿ ನಿಂತುಬಿಡುತ್ತೇನೆ. ಹುಡುಗರು ಪೆನ್ನು ಹಿಡಿದು ಕಾಯುತ್ತಿರುತ್ತಾರೆ. ಕಾಗದವನ್ನು ಅವರ ಕಡೆ ತಿರುಗಿಸಿ, "ನೀವೇ ಓದಿಕೊಳ್ಳಿ," ಎನ್ನುತ್ತೇನೆ.